ಉರಿಯದ ಅಂಕಿಗಳು

ಗೋಲಿ ಮಿಷನ್ನಿನ ಬಲ್ಬುಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಒಳಗೆಲ್ಲೋ ಗಂಟೆ ಟಣ್ಣೆಂದಿತು. ಅಂಕಿ ತೋರಿಸಬೇಕಾದ ನಾಲ್ಕು ಕಿಟಕಿಗಳು ಮಾತ್ರ ಕಪ್ಪಾಗಿಯೇ ಉಳಿದವು.

"ಆಫ್ ಮಾಡಿ ಮೇಡಂ," ಎಂದಳು ಆಮಿನಾಬಿ.

ಸಬ್ ಇನ್ಸ್‌ಪೆಕ್ಟರ್ ಪುಷ್ಪಾ ಗೋಡೆಯ ಸ್ವಿಚ್ ಆರಿಸಿ, "ಯಾಕೆ, ಏನಾಯ್ತು?" ಎಂದು ಕೇಳಿದಳು.

"ಏನೂ ಆಗ್ಲಿಲ್ಲ. ಆಗ್ಬೇಕಿತ್ತು."

ಬೀಚನಹಳ್ಳಿಯ ಹಿನ್ನೀರಿನ ದಂಡೆಯ ಈ ರೆಸಾರ್ಟಿನಲ್ಲಿ ಮ್ಯಾನೇಜರ್ ಕಾಂತರಾಜ್ ಇದೇ ಮಿಷನ್ನಿನೊಳಗೆ ಬಲಗೈ ಇಟ್ಟುಕೊಂಡು ಹೆಣವಾಗಿ ಸಿಕ್ಕಿದ್ದ. ಅದನ್ನು ರಿಪೇರಿಗೆಂದು ಬಿಚ್ಚಿಟ್ಟು ಹೋಗಿದ್ದ ಮುಜಫರ್, ಆಮಿನಾಬಿಯ ಒಬ್ಬನೇ ತಮ್ಮ, ಪೊಲೀಸರ ಮುಂದೆ ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಂಡು ಲಾಕಪ್ಪಿನಲ್ಲಿ ಕೂತಿದ್ದ.

ಒಪ್ಪಿಕೊಂಡದ್ದಾದರೂ ಏನು? "ಫ್ಯೂಸ್ ತೆಗೆಯೋದು ಮರ್ತೆ" ಎಂಬ ಒಂದೇ ಮಾತು. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಆಮಿನಾಬಿಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಗಿತ್ತು.

ಹುಣಸೂರಿನ ಬಜಾರಿನಲ್ಲಿ ಖದೀರ್ ಭಾಯಿಯ ರೇಡಿಯೋ ಅಂಗಡಿ ಎಂದರೆ ಹಳಬರಿಗೆಲ್ಲ ಗೊತ್ತು. ಖದೀರ್ ಆಮಿನಾಬಿಯ ಗಂಡ. ಹೆಂಡತಿಗೂ ಬಾಮೈದನಿಗೂ ಸೋಲ್ಡರಿಂಗ್ ಕಡ್ಡಿ ಹಿಡಿಯಲು ಕಲಿಸಿದವನು ಅವನೇ. ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಬಿಚ್ಚಿದ ಸೆಟ್ಟನ್ನು ಅರ್ಧಕ್ಕೆ ಬಿಟ್ಟು ಏಳುವವನು ಮೊದಲು ಅದರ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಊಟಕ್ಕೆ ಎದ್ದರೂ ಅಷ್ಟೇ, ನಮಾಜಿಗೆ ಎದ್ದರೂ ಅಷ್ಟೇ. ಫ್ಯೂಸು ಜೇಬಿನಲ್ಲಿದ್ದರೆ ಬೇರೆ ಯಾರು ಸ್ವಿಚ್ ಒತ್ತಿದರೂ ಅಪಾಯವಿಲ್ಲ. ಬಟ್ಟೆ ಒಗೆಯುವಾಗ ಜೇಬಿನಲ್ಲಿ ಚಿಲ್ಲರೆ ಸಿಗುವ ಮನೆಗಳುಂಟು; ಆಮಿನಾಬಿಯ ಮನೆಯಲ್ಲಿ ಸಿಗುತ್ತಿದ್ದದ್ದು ಫ್ಯೂಸುಗಳು. ಖದೀರ್ ತೀರಿಕೊಂಡ ಮೇಲೆ ಅವಳೂ ತಮ್ಮನೂ ಅಂಗಡಿ ನಡೆಸಿದರು. ಪೆಟ್ರೋಲ್ ಬಂಕಿನ ಅಂಕಿ ಬೋರ್ಡು, ಅಂಗಡಿಗಳ ತೂಕದ ಮಿಷನ್ನು, ದೇವಸ್ಥಾನದ ಓಡುವ ಅಕ್ಷರದ ಬೋರ್ಡು ಎಲ್ಲವೂ ಅವರ ಮೇಜಿಗೇ ಬರುತ್ತಿದ್ದವು. ಕಟ್ಟಳೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಈ ಬೆಳಿಗ್ಗೆ ಮುಜಫರನ ಹೆಂಡತಿ ಜಿಕ್ರಾ ಓಡೋಡಿ ಬಂದು ಆಮಿನಾಬಿಯ ಕೈಗೆ ಒಂದು ಗಾಜಿನ ಫ್ಯೂಸು ಇಟ್ಟಿದ್ದಳು. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸಿಕ್ಕಿತಂತೆ.

ಅಂದರೆ ಮುಜಫರ್ ಮರೆತಿರಲಿಲ್ಲ. ಮರೆತೆ ಎಂದು ಸುಳ್ಳು ಹೇಳಿದ್ದ, ಅದೂ ತನ್ನ ಕುತ್ತಿಗೆಗೇ ಸುತ್ತಿಕೊಳ್ಳುವ ಸುಳ್ಳು. ಯಾರೋ ಹೆದರಿಸಿದ್ದಾರೆ ಎಂದುಕೊಂಡಳು ಆಮಿನಾಬಿ. ಹಾಗೆಂದುಕೊಂಡ ಕೂಡಲೇ ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡಳು. ತಾಯಿ ಸತ್ತಾಗ ಅವನಿಗಿನ್ನೂ ಹಲ್ಲು ಬಂದಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಅವನನ್ನು ಅಲ್ಲಿಂದ ಬಿಡಿಸಿ ತರದೆ ಅವಳಿಗೆ ಬೇರೆ ಕೆಲಸವೇ ಇರಲಿಲ್ಲ.

ಸ್ಟೇಷನ್ನಿಗೆ ಹೋಗಿ ಫ್ಯೂಸು ತೋರಿಸಿದಾಗ ಪುಷ್ಪಾ ನಗಲಿಲ್ಲ, ಗದರಲೂ ಇಲ್ಲ. ಸಾಲಿಗ್ರಾಮದ ಹೆಣ್ಣುಮಗಳು, ಮಾತು ಕಡಿಮೆ. "ನಿಮ್ಮ ತಮ್ಮನ ಮೇಲೆ ಯಾರೂ ಕೈ ಮಾಡಿಲ್ಲ. ಕೇಳೋಕೆ ಮುಂಚೆನೇ ಒಪ್ಕೊಂಡ. ಕೇಳದೆ ಒಪ್ಕೊಂಡೋರನ್ನ ಕಂಡ್ರೆ ನಂಗೆ ನಿದ್ದೆ ಬರಲ್ಲ," ಎಂದಿದ್ದಳು. "ಬೆರಳಚ್ಚು, ಫೋಟೋ ಎಲ್ಲ ಮುಗಿದಿದೆ. ಲ್ಯಾಬಿಗೆ ಕಳಿಸೋಕೆ ಮುಂಚೆ ಒಂದ್ಸಲ ನೀವು ನೋಡಿ. ನನ್ನ ಕಣ್ಮುಂದೆ ಮಾತ್ರ."

ಹಾಗೆ ಬಂದವರು ಈಗ ಈ ಕೋಣೆಯಲ್ಲಿ ನಿಂತಿದ್ದರು.

ಮಿಷನ್ನು ನೋಡಲು ಚೆಂದವೇ. ಗಾಜು ಮುಚ್ಚಿದ ಉದ್ದನೆಯ ಇಳಿಜಾರು ಮೇಜು. ಸ್ಪ್ರಿಂಗಿನ ಕಡ್ಡಿ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಹಾರಿ, ಅಲ್ಲಿಲ್ಲಿ ಬಡಿದು, ಅಂಕ ಗಳಿಸುತ್ತ ಕೆಳಗಿಳಿಯುತ್ತದೆ. ತುದಿಯಲ್ಲಿ ನೆಟ್ಟಗೆ ನಿಂತ ಒಂದು ತಲೆಪೆಟ್ಟಿಗೆ, ಅದರ ಮುಖದಲ್ಲಿ ನಾಲ್ಕು ಆಟಗಾರರ ಅಂಕಕ್ಕೆ ನಾಲ್ಕು ಕಿಟಕಿ. ಕೊಡಗಿನ ಕಡೆಯ ಹಳೆಯ ಕ್ಲಬ್ಬೊಂದು ಬಾಗಿಲು ಹಾಕಿದಾಗ ರೆಸಾರ್ಟಿನ ಮಾಲೀಕ ಗಂಗಾಧರಪ್ಪ ಹಟ ಹಿಡಿದು ತಂದದ್ದು. ತಂದ ದಿನದಿಂದ ಅಂಕಿ ಉರಿದದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ಅಂಕಿಯಿಲ್ಲದೆ ಆಡುವುದೆಂದರೆ ಗಾಳಿಗೆ ಗುದ್ದಿದ ಹಾಗೆ, ಅದಕ್ಕೇ ಮುಜಫರನನ್ನು ಕರೆಸಿದ್ದರು.

ಆಮಿನಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ತಲೆಪೆಟ್ಟಿಗೆಯ ಬಾಗಿಲು ತೆರೆದಳು.

"ಆ ಕೈ ಯಾಕೆ ಹಿಂದೆ?" ಎಂದಳು ಪುಷ್ಪಾ.

"ಎರಡೂ ಕೈ ಒಳಗಿಟ್ರೆ ಕರೆಂಟು ಎದೆ ಮೇಲೆ ಹಾದು ಹೋಗುತ್ತೆ. ನಮ್ಮನೆಯೋರು ಹೊಡೆದು ಹೊಡೆದು ಕಲಿಸಿದ್ರು." ಅವಳು ಒಳಗೆ ಬೆರಳು ತೋರಿಸಿದಳು. "ನೋಡಿ, ಈ ಕಿಟಕಿಗಳಲ್ಲಿರೋದು ಈಗಿನ ಎಲ್‌ಇಡಿ ಅಲ್ಲ. ಗಾಜಿನೊಳಗೆ ಗ್ಯಾಸು ತುಂಬಿರ್ತಾರೆ. ಅದು ಉರೀಬೇಕಾದ್ರೆ ಇನ್ನೂರು ವೋಲ್ಟಿನ ಹತ್ತಿರ ಬೇಕು. ಈ ತಲೆಪೆಟ್ಟಿಗೇಲಿ ಆಳು ಬೀಳಿಸೋ ಶಕ್ತಿ ಇರೋದು ಅದೊಂದಕ್ಕೇ. ಮಿಕ್ಕಿದ್ದೆಲ್ಲ ಬಲ್ಬಿನ ಕರೆಂಟು, ಮುಟ್ಟಿದ್ರೆ ಗೊತ್ತೂ ಆಗಲ್ಲ."

"ಗೋಡೆಯ ಕರೆಂಟು?"

"ಅದು ಕೆಳಗಿನ ಪೆಟ್ಟಿಗೇಲಿ. ಅದರ ಮುಚ್ಚಳದ ಸ್ಕ್ರೂಗಳ ಮೇಲೆ ಹಳೇ ಬಣ್ಣ ಹಾಗೇ ಕೂತಿದೆ. ಯಾರೂ ಬಿಚ್ಚಿಲ್ಲ."

ಅಂಕಿ ಸತ್ತ ಮಿಷನ್ನನ್ನು ನೋಡುವ ಕ್ರಮವೇ ಬೇರೆ. ಒಂದು ಕಿಟಕಿ ಮಾತ್ರ ಸತ್ತಿದ್ದರೆ ದೋಷ ಆ ಕಿಟಕಿಯಲ್ಲಿ. ನಾಲ್ಕರಲ್ಲೂ ಅಂಕಿಯ ಒಂದೇ ಗೆರೆ ಮಾಯವಾಗಿದ್ದರೆ ದೋಷ ಮಿಷನ್ನಿನ ಮೆದುಳಿನಲ್ಲಿ. ನಾಲ್ಕೂ ಪೂರ್ತಿ ಕತ್ತಲಾಗಿದ್ದರೆ ದೊಡ್ಡ ವೋಲ್ಟು ಅವುಗಳತ್ತ ಹೊರಟೇ ಇಲ್ಲ ಎಂದರ್ಥ. ಆಮಿನಾಬಿ ಮೀಟರಿನ ಮುಳ್ಳುಗಳನ್ನು ಕರೆಂಟು ಕೂಡಿಟ್ಟುಕೊಳ್ಳುವ ದಪ್ಪನೆಯ ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿದಳು. ಸ್ವಿಚ್ ಆರಿಸಿದ ಮೇಲೂ ಅಲ್ಲಿ ಸ್ವಲ್ಪ ಹೊತ್ತು ವೋಲ್ಟು ಕೂತಿರಬೇಕು. ಮೀಟರು ಸೊನ್ನೆ ತೋರಿಸಿತು.

"ಇಲ್ಲಿಗೆ ಬಂದೇ ಇಲ್ಲ," ಎಂದು ಗೊಣಗಿದಳು.

"ಆದ್ರೆ ಫ್ಯೂಸ್ ಇದೆಯಲ್ಲ? ಪಂಚನಾಮೆಯಲ್ಲೇ ಬರೆದಿದ್ದೀವಿ."

ಫ್ಯೂಸು ಇತ್ತು. ತಾಮ್ರದ ಹಿಡಿಕೆಗಳ ನಡುವೆ ಕೂತಿತ್ತು. ಸುಟ್ಟುಹೋದ ಹಳೆಯ ಗಾಜಿನ ಫ್ಯೂಸೊಂದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆ ತಂತಿ ಸುತ್ತಿ ಕೆಲಸ ಸಾಗಿಸಿದ್ದು. ನಮ್ಮ ಕಡೆ ಇದೇನು ಹೊಸದಲ್ಲ, ಅರ್ಧ ತಾಲ್ಲೂಕು ಇಂಥ ಫ್ಯೂಸಿನ ಮೇಲೇ ಬದುಕಿದೆ. ಆಮಿನಾಬಿ ಅದನ್ನು ಕರವಸ್ತ್ರದಲ್ಲಿ ಹಿಡಿದು ಬಿಡಿಸಿ, ಕಿಟಕಿಯ ಬೆಳಕಿಗೆ ಒಯ್ದಳು. ಕನ್ನಡಕವನ್ನು ಹಣೆಗೆ ಏರಿಸಿ ಕಣ್ಣಿಗೆ ಹತ್ತಿರ ಹಿಡಿದಳು.

ತಂತಿ ಎಲ್ಲೂ ಕರಗಿರಲಿಲ್ಲ. ಹಿಡಿಕೆಗಳ ಮೇಲೆ ಕಿಡಿ ಹಾರಿದ ಕರೆಯೂ ಇರಲಿಲ್ಲ. ಎರಡು ತುದಿಗೂ ಮೀಟರು ಮುಟ್ಟಿಸಿದಳು. ತಂತಿಯಲ್ಲಿ ದಾರಿಯಿದ್ದರೆ ಮೀಟರು ಕುಯ್ಯೆನ್ನಬೇಕು. ಅದು ತೆಪ್ಪಗಿತ್ತು.

ಮತ್ತೆ ಮುಟ್ಟಿಸಿದಳು. ಮತ್ತೆ ಮೌನ.

ಇಡೀ ತಂತಿ ಕಣ್ಣ ಮುಂದೆಯೇ ಇದೆ, ಎಲ್ಲೂ ತುಂಡಾಗಿಲ್ಲ, ಆದರೂ ಕರೆಂಟು ಹಾಯುತ್ತಿಲ್ಲ. ಆಮಿನಾಬಿಗೆ ಥಟ್ಟನೆ ಹೊಳೆಯಿತು. ಪುಷ್ಪಾಳತ್ತ ತಿರುಗಿದಳು.

"ಮೇಡಂ, ಇದು ಬರೀ ತಾಮ್ರ ಅಲ್ಲ. ಮೋಟಾರ್ ಸುತ್ತೋ ತಂತಿ. ಇದರ ಮೈಗೆಲ್ಲ ವಾರ್ನಿಶ್ ಹಚ್ಚಿರ್ತಾರೆ."

"ಅಂದ್ರೆ?"

ಉತ್ತರ ಬಾಗಿಲ ಕಡೆಯಿಂದ ಬಂತು. "ಅಂದ್ರೆ ಅದು ಫ್ಯೂಸ್ ಅಲ್ಲ ಕಣ್ರೀ, ಬೊಂಬೆ."

ಗಂಗಾಧರಪ್ಪ ಬಂದು ನಿಂತಿದ್ದ. ಬಿಳಿ ಪಂಚೆ, ಬಿಳಿ ಶರಟು, ಹಣೆಯಲ್ಲಿ ವಿಭೂತಿ. ಈ ರೆಸಾರ್ಟು, ಆಚೆಯ ದೋಣಿಗಳು, ರಾವಂದೂರಿನ ಹತ್ತಿರದ ಹೊಗೆಸೊಪ್ಪಿನ ಹೊಲ ಎಲ್ಲ ಆದದ್ದು ಆಮೇಲೆ. ಅದಕ್ಕೆ ಮೊದಲು ಆತ ರಾವಂದೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದವನು. ಅದನ್ನು ಆತ ಮುಚ್ಚಿಡುತ್ತಿರಲಿಲ್ಲ, ಹಾಗೆಂದು ಯಾರಾದರೂ ನೆನಪಿಸಿದರೆ ಸಂತೋಷವನ್ನೂ ಪಡುತ್ತಿರಲಿಲ್ಲ.

"ತನ್ನಿ ಇಲ್ಲಿ ಆಮಿನಮ್ಮ." ಮುಟ್ಟದೆ ಬಗ್ಗಿ ನೋಡಿದ. "ನಮ್ದೇ ಪಂಪ್‌ಶೆಡ್ಡಿನ ತಂತಿ ಇದು. ಅಲ್ಲೊಂದು ಸುರುಳಿ ಬಿದ್ದೈತೆ. ತುದೀಲಿ ವಾರ್ನಿಶ್ ಕೆರೀದೆ ಸುತ್ತವ್ರಲ್ಲ, ಯಾವನ್ರೀ ಅವನು?"

"ಕೆರೀದಿದ್ರೆ ಏನಾಗುತ್ತೆ?" ಎಂದಳು ಪುಷ್ಪಾ.

"ಏನೂ ಆಗಲ್ಲ, ಅದೇ ಆಗೋದು! ವಾರ್ನಿಶ್ ಮೇಲೆ ಕರೆಂಟು ಹಾಯಲ್ಲ. ತಂತಿ ಸುತ್ತೋನಿಗೆ ಮೊದಲ ದಿನ ಹೇಳ್ಕೊಡೋದೇ ಎರಡು ತುದಿ ಬ್ಲೇಡಲ್ಲಿ ಕೆರಿ ಅಂತ. ನೋಡೋಕೆ ತಾಮ್ರದ ಥರಾನೇ ಕಾಣುತ್ತೆ. ಗೊತ್ತಿಲ್ಲದೋರು ಮೋಸ ಹೋಗೋದು ಅಲ್ಲೇ."

"ಹಾಗಾದ್ರೆ ಇದನ್ನ ಸುತ್ತಿದ್ದು ನೀವಲ್ಲ," ಎಂದಳು ಪುಷ್ಪಾ ಮೆಲ್ಲಗೆ.

ಗಂಗಾಧರಪ್ಪನ ಮುಖ ಗಂಟಾಯಿತು. "ನನ್ನ ಮೇಲೂ ಅನುಮಾನಾನಾ?"

"ಕಾಂತರಾಜ್ ಕೆಲಸ ಬಿಟ್ಟು ಎದುರು ದಡದ ರೆಸಾರ್ಟಿಗೆ ಹೋಗೋರಿದ್ರಂತೆ. ನಿಮಗೂ ಅವರಿಗೂ ಮಾತು ನಿಂತಿತ್ತಂತೆ."

"ಬಿಡೋರು ಬಿಡ್ತಾರೆ, ಬರೋರು ಬತ್ತಾರೆ. ಅದಕ್ಕೆಲ್ಲ ಮನುಷ್ಯನ್ನ ಕೊಲ್ತಾರಾ? ಅರ್ಧ ಆಯುಷ್ಯ ಈ ತಂತಿ ಸುತ್ತಿದ್ದೀನಿ. ನಿದ್ದೆಗಣ್ಣಲ್ಲಿ ಸುತ್ತಿದ್ರೂ ತುದಿ ಕೆರೀತಿದ್ದೆ." ಅಷ್ಟು ಹೇಳಿ ಆತ ಮೊಬೈಲು ಕಿವಿಗೊತ್ತಿಕೊಂಡು ಜಗಲಿಗೆ ಹೋದ. ಆತನ ಮಾತು ನಿಜವಿದ್ದೀತು. ಅಥವಾ ಎಲ್ಲಿ ನಿಜ ಹೇಳಿದರೆ ತನಗೆ ಒಳ್ಳೆಯದು ಎಂದು ತಿಳಿದವನಿದ್ದಾನು. ಆಮಿನಾಬಿಗೆ ಆ ಕ್ಷಣ ಅದರ ಗೊಡವೆ ಬೇಕಿರಲಿಲ್ಲ.

"ಮೇಡಂ, ತಿಳೀತಲ್ಲ? ಈ ಫ್ಯೂಸು ಇಟ್ಕೊಂಡು ಮಿಷನ್ ಯಾರನ್ನೂ ಕೊಂದಿರೋಕೆ ಸಾಧ್ಯಾನೇ ಇಲ್ಲ. ನನ್ನ ತಮ್ಮ ನಿಜವಾದ ಫ್ಯೂಸು ತಗೊಂಡು ಮನೆಗೆ ಬಂದಿದ್ದ. ಯಾರೋ ಆಮೇಲೆ ಇದನ್ನ ಸಿಗಿಸಿ, ಕರೆಂಟು ಇತ್ತು ಅಂತ ತೋರಿಸಿದ್ದಾರೆ."

ಹೇಳುವಾಗ ಅವಳ ದನಿ ಒಡೆಯಿತು. ಅಳು, ನಗು ಎರಡೂ ಒಟ್ಟಿಗೆ ಬಂದವು. ಮುಜಫರ್ ಬದುಕಿಕೊಂಡ. ಇನ್ನೇನು ಬೇಕು?

ಪುಷ್ಪಾ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದಳು. "ಒಂದು ಉಳೀತು. ವಾಚ್‌ಮನ್ ನಂಜಣ್ಣ ಹೇಳಿಕೆ ಕೊಟ್ಟಿದ್ದಾರೆ. ಬೆಳಗಾಗೆದ್ದು ಬಾಗಿಲು ತೆಗೆದಾಗ ಅಂಕಿಗಳು ಉರೀತಿದ್ವು, ಕಾಂತರಾಜ್ ಕೈ ಒಳಗಿತ್ತು ಅಂತ."

"ಕರೀರಿ ಅವರನ್ನ," ಎಂದಳು ಆಮಿನಾಬಿ.

ನಂಜಣ್ಣ ಬಂದ. ನೀರಾವರಿ ಇಲಾಖೆಯಲ್ಲಿ ನಾಲೆಯ ತೂಬು ತಿರುಗಿಸಿ ನಿವೃತ್ತನಾಗಿ, ಈಗ ಇಲ್ಲಿ ಗೇಟು ಕಾಯುವ ಮುದುಕ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮಿನಾಬಿಯನ್ನು ಕಂಡವನೇ ಕಣ್ಣು ನೆಲಕ್ಕೆ ಹಾಕಿದ.

ಅವಳು ಅಷ್ಟರಲ್ಲಿ ಜಿಕ್ರಾ ಕೊಟ್ಟ ಫ್ಯೂಸನ್ನು, ಸುಟ್ಟ ಹಳೆಯದರ ಬದಲಿಗೆ ಮುಜಫರ್ ಹಾಕಿ ನೋಡಿದ್ದ ಹೊಸದನ್ನು, ಹಿಡಿಕೆಗಳ ನಡುವೆ ಕೂರಿಸಿ, ಸುಳ್ಳು ಫ್ಯೂಸನ್ನು ಕರವಸ್ತ್ರದ ಸಮೇತ ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

"ಆನ್ ಮಾಡಿ ಮೇಡಂ."

ಬಲ್ಬು ಹತ್ತಿದವು, ಗಂಟೆ ಟಣ್ಣೆಂದಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಪ್ಪು ಗಾಜಿನೊಳಗಿಂದ ಕಿತ್ತಳೆ ಬಣ್ಣದ ಸೊನ್ನೆಗಳು ಸಾಲಾಗಿ ಎದ್ದು ಬಂದವು. ಮೊದಲು ಎಡಗಡೆಯ ಎರಡು ಕಿಟಕಿ, ನಂತರ ಬಲಗಡೆಯ ಮೇಲಿನದು. ತೆಳ್ಳಗೆ ನಡುಗುವ ಬೆಚ್ಚನೆಯ ಬೆಳಕು. ಪುಷ್ಪಾ ಕೂಡ ಒಂದು ಕ್ಷಣ ಕೇಸು ಮರೆತು ನೋಡಿದಳು.

"ಅಯ್ಯೋ ಶಿವನೇ!" ಎಂದ ನಂಜಣ್ಣ, ಒಂದು ಹೆಜ್ಜೆ ಹಿಂದೆ ಸರಿದು. "ಇಂಗುರಿತದಾ ಇದು!"

ಪುಷ್ಪಾ ಅವನತ್ತ ತಿರುಗಿದಳು.

ಬಾಯಿಂದ ಬಿದ್ದ ಮಾತು ಏನೆಂದು ಮುದುಕನಿಗೇ ಆಮೇಲೆ ತಿಳಿಯಿತು. ಟೋಪಿ ಕಂಕುಳಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಅವತ್ತೂ ಇದನ್ನೇ ನೋಡಿದ್ರಲ್ಲ ನಂಜಣ್ಣ?" ಎಂದಳು ಪುಷ್ಪಾ.

"ನೋಡಿದ್ದೆ ತಾಯಿ. ಇಂಗೇ... ಕೆಂಡದಂಗೆ."

"ಎಷ್ಟು ಕಿಟಕೀಲಿ ನೋಡಿದ್ರಿ ಅಣ್ಣ?" ಆಮಿನಾಬಿ ಕೇಳಿದಳು.

"ನಾಕರಲ್ಲೂ ಕಣವ್ವ. ನಾಕರಲ್ಲೂ ಉರೀತಿತ್ತು."

ಆಮಿನಾಬಿ ಬಲಗಡೆಯ ಕೆಳಗಿನ ಕಿಟಕಿಯತ್ತ ಬೆರಳು ತೋರಿಸಿದಳು. ಅದು ಇನ್ನೂ ಕಪ್ಪಾಗಿಯೇ ಇತ್ತು. "ಇದು ಉರಿಯಲ್ಲ. ಹಿಂದೆ ವೈರು ಸಿಗಿಸೋ ಜಾಗದಲ್ಲಿ ಬೆಸುಗೆ ಬಿಟ್ಟಿದೆ. ಬಿರುಕಿನಲ್ಲಿ ವರ್ಷಗಟ್ಟಲೆ ಧೂಳು ಕೂತು ಕರಿ ಹಿಡಿದಿದೆ. ನನ್ನ ತಮ್ಮ ಅದಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟಿದ್ದಾನೆ, ನಾಳೆ ಬಂದು ಬೆಸೀಬೇಕು ಅಂತ. ನಾಲ್ಕರಲ್ಲೂ ಹೇಗೆ ನೋಡಿದ್ರಿ?"

ನಂಜಣ್ಣ ಆ ಕಪ್ಪು ಕಿಟಕಿಯನ್ನೇ ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡ.

"ನಾಕು ಅಂದಿದ್ದು ನಾನೇ ಸೇರ್ಸಿದ್ದು," ಎಂದ ಕೊನೆಗೆ, ಕೇಳಿಸಿಯೂ ಕೇಳಿಸದ ಹಾಗೆ. "ಉರೀತಿತ್ತು ಅನ್ನು ಅಂದಿದ್ರು. ಎಷ್ಟರಲ್ಲಿ ಅಂತ ಅಂದಿರ್ಲಿಲ್ಲ. ಪೊಲೀಸ್ನೋರು ಕೇಳ್ದಾಗ ನಾಕು ಕಿಟಕಿ ಕಂಡ್ವು, ನಾಕು ಅಂದ್ಬುಟ್ಟೆ."

ಪುಷ್ಪಾ ಮಿಷನ್ ಆರಿಸಿದಳು. ಸೊನ್ನೆಗಳು ಒಂದೊಂದೇ ಮಂಕಾಗಿ ಹೋದವು.

"ಯಾರು ಹೇಳಿದ್ದು?"

"ಬುಡಿ ತಾಯಿ. ನಂಗೆ ವಯಸ್ಸಾಯ್ತು."

"ಸುಳ್ಳು ಸಾಕ್ಷಿಗೆ ವಯಸ್ಸಿನ ರಿಯಾಯ್ತಿ ಇಲ್ಲ ನಂಜಣ್ಣ. ಯಾರು? ಗಂಗಾಧರಪ್ಪನೋರಾ?"

ಮುದುಕ ಅಲ್ಲವೆಂದು ತಲೆಯಾಡಿಸಿದ. ಆಮಿನಾಬಿ ಅವನ ಹತ್ತಿರ ಹೋದಳು. ಬಯ್ಯಬೇಕೆಂದು ಹೋದವಳು ಅವನ ನಡುಗುವ ಗದ್ದ ನೋಡಿ ದನಿ ತಗ್ಗಿಸಿದಳು.

"ಅಣ್ಣ, ನನ್ನ ತಮ್ಮ ಅಲ್ಲಿ ಕೂತಿದ್ದಾನೆ. ಮಾಡದ ತಪ್ಪು ಮೈಮೇಲೆ ಎಳ್ಕೊಂಡಿದ್ದಾನೆ. ಅವನನ್ನ ಯಾರೋ ಹೆದರಿಸಿದ್ದಾರೆ. ನಿಮ್ಮನ್ನೂ ಅವರೇ ಹೆದರಿಸಿರ್ಬೇಕು. ಹೆಸರು ಹೇಳಿ, ಎರಡು ಮನೆ ಉಳಿಯುತ್ತೆ."

"ನೀವೇ ಕೇಳ್ತಿದ್ದೀರಲ್ಲವ್ವ, ಅದ್ಕೇ ಬಾಯಿ ಬತ್ತಿಲ್ಲ."

"ಅಂದ್ರೆ?"

"ನಂಗ್ಯಾರೂ ಎದರ್ಸಿಲ್ಲ. ಕಾಲಿಡ್ಕಂಡು ಕೇಳ್ಕಂಡ. ನಂಜಣ್ಣ, ಅಂಕಿ ಉರೀತಿತ್ತು ಅಂತ ಒಂದ್ ಮಾತು ಅನ್ನು, ನನ್ನ ಉಳ್ಸು ಅಂತ." ನಂಜಣ್ಣ ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ. "ನಿಮ್ ತಮ್ಮನೇ ಕಣವ್ವ."

ಆಮಿನಾಬಿಗೆ ಅರ್ಥವಾಗಲಿಲ್ಲ. ಮಾತು ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. "ಮುಜಫರ್ ಹಾಗೆ ಯಾಕೆ ಹೇಳ್ತಾನೆ? ಅವನಿಗೇ ತಾನೇ ಕೇಸು?"

ಪುಷ್ಪಾ ಇಬ್ಬರ ನಡುವೆ ಬಂದು ನಿಂತಳು. "ಕಾಂತರಾಜ್ ಸತ್ತಿದ್ದು ಎಲ್ಲಿ ನಂಜಣ್ಣ?"

"ಇಲ್ಲಲ್ಲ ತಾಯಿ. ಪಂಪ್‌ಶೆಡ್ ತಾವ. ಎಂಗೆ ಸತ್ರೋ ನಾ ಕಾಣೆ, ದೇವ್ರಾಣೆ. ಎತ್ಕಂಡ್ ಬರೋದು ಕಂಡೆ. ಇಬ್ರು ಎತ್ಕಂಡ್ ಬತ್ತಿದ್ರು. ಕಾಲ್ ಕಡೆ ಇಡ್ದಿದ್ದೋನು ಮುಜಫರು."

"ತಲೆ ಕಡೆ?"

ಮುದುಕನ ತುಟಿ ಅಲುಗಿತು. ಅಷ್ಟರಲ್ಲಿ ಜಗಲಿಯಲ್ಲಿ ಯಾರದೋ ಚಪ್ಪಲಿಯ ಸದ್ದಾಯಿತು. ನಂಜಣ್ಣ ಟವೆಲನ್ನು ಬಾಯಿಗೆ ಒತ್ತಿಕೊಂಡು, ಆ ವಯಸ್ಸಿನವನಲ್ಲಿ ಇರಬಹುದೆಂದು ಯಾರೂ ಎಣಿಸದ ಚುರುಕಿನಿಂದ ಹಿಂಬಾಗಿಲು ತಳ್ಳಿ ಹೊರಗೋಡಿದ.

"ಸುನೀಲ್‌ಕುಮಾರ್! ಹಿಡೀರಿ ಅವರನ್ನ!" ಎಂದು ಕಾನ್‌ಸ್ಟೇಬಲ್ಲಿಗೆ ಕೂಗುತ್ತ ಪುಷ್ಪಾ ಹಿಂದೆಯೇ ಓಡಿದಳು. ಹೊರಗೆ ಬೂಟಿನ ಸದ್ದು, ಕೂಗು, ನಾಯಿ ಬೊಗಳುವುದು ಕೇಳಿಸಿತು. ಕೋಣೆಯಲ್ಲಿ ಆಮಿನಾಬಿ ಒಬ್ಬಳೇ ಉಳಿದಳು.

ಅವಳು ಮಿಷನ್ನಿಗೆ ಒರಗಿಕೊಂಡಳು. 

ಈಗ ಎಲ್ಲ ತಿಳಿಯುತ್ತ ಬಂತು, ತಿಳಿಯಬಾರದಿತ್ತು ಎನ್ನುವಷ್ಟು ಸ್ಪಷ್ಟವಾಗಿ. ಮುಜಫರ್ ಪೆದ್ದನಲ್ಲ. ಫ್ಯೂಸ್ ಮರೆತೆ ಎಂದರೆ ಅದು ನಿರ್ಲಕ್ಷ್ಯದ ಕೇಸು. ಕೈತಪ್ಪಿ ಆದ ಸಾವು. ಜಾಮೀನು ಸಿಗುತ್ತದೆ ಎಂದು ಪುಷ್ಪಾಳೇ ಬೆಳಿಗ್ಗೆ ಸಮಾಧಾನ ಹೇಳಿದ್ದಳು. ಮಿಷನ್ನು ಕೊಂದಿದ್ದರೆ ಅವನು ಬರೀ ಮರೆಗುಳಿ ಮೆಕ್ಯಾನಿಕ್ಕು. ಮಿಷನ್ನು ಕೊಲ್ಲಲಿಲ್ಲ ಎಂದಾದರೆ ಅವನು ಹೆಣ ಹೊತ್ತವನು.

ಆ ಸುಳ್ಳು ಅವನು ಕಟ್ಟಿಕೊಂಡ ಮನೆಯಾಗಿತ್ತು. ಅದರ ಗೋಡೆಯನ್ನು ಅವಳೇ ಬಂದು, ಮೀಟರು ಹಿಡಿದು, ಪೊಲೀಸರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಡವಿದ್ದಳು.

"ಯಾ ಅಲ್ಲಾ, ನಾನೇನು ಮಾಡ್ದೆ," ಎಂದಳು ಗಟ್ಟಿಯಾಗಿಯೇ. ಕೇಳುವವರು ಯಾರೂ ಇರಲಿಲ್ಲ. ಅವಳಿಗೆ ತಮ್ಮನ ಮೇಲೆ ಉರಿದುಬಂತು. ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಮರುಕ್ಷಣವೇ ಅವನ ಮುಖ ನೆನಪಾಗಿ ಕಣ್ಣು ತುಂಬಿದವು. ಅವನು ಕೊಂದಿರಲಾರ. ಹೊತ್ತಿದ್ದಾನು, ಕೊಂದಿರಲಾರ. ವಾರ್ನಿಶ್ ಕೆರೆಯದೆ ಆ ತಂತಿ ಸುತ್ತಿದವನಂತೂ ಅವನಲ್ಲ. ಖದೀರನ ಕೈಯಲ್ಲಿ ಕಲಿತವನು ಅಂಥ ತಪ್ಪು ಮಾಡುವುದಿಲ್ಲ. ನಿಜವಾದ ಫ್ಯೂಸು ಮನೆಯಲ್ಲಿ ಒಗೆಯಲು ಹಾಕಿದ ಅಂಗಿಯಲ್ಲಿತ್ತು, ಅದಕ್ಕೇ ತಲೆಯ ಕಡೆ ಹಿಡಿದಿದ್ದವರು ಯಾರೋ ಅವರೇ ಇದನ್ನು ಸುತ್ತಿರಬೇಕು. ಯಾರಿಗಾಗಿ ಮುಜಫರ್ ಇಷ್ಟು ದೂರ ಹೋದ?

ಆದರೆ ನ್ಯಾಯಾಲಯಕ್ಕೆ ಇದನ್ನೆಲ್ಲ ಯಾರು ಹೇಳುತ್ತಾರೆ? ಅಲ್ಲಿ ಉಳಿಯುವುದು ಎರಡೇ ವಿಷಯ: ಮಾತು ಬದಲಿಸಿದ ಮುದುಕ, ಮತ್ತು ಅವಳ ಅಂಗೈಯಲ್ಲಿರುವ ಈ ಫ್ಯೂಸು.

ಅವಳು ಕರವಸ್ತ್ರ ಬಿಡಿಸಿದಳು.

ನಂಜಣ್ಣ ಒಮ್ಮೆ ಒಂದು ಹೇಳಿದವನು, ಇನ್ನೊಮ್ಮೆ ಇನ್ನೊಂದು ಹೇಳಿದ. ನಾಳೆ ಮತ್ತೊಂದು ಹೇಳಿದರೂ ಆಶ್ಚರ್ಯವಿಲ್ಲ, ಅವನ ಮಾತನ್ನು ವಕೀಲರು ತೂರಿಬಿಡುತ್ತಾರೆ. ಅಂಕಿ ಉರಿಯಲಿಲ್ಲ, ಮೀಟರು ಕೂಗಲಿಲ್ಲ ಎಂದು ಪುಷ್ಪಾ ಹೇಳಬಹುದು. ಫ್ಯೂಸು ಹಿಡಿಕೆಯಲ್ಲಿ ಸಡಿಲವಾಗಿತ್ತೇನೋ, ಮುಳ್ಳು ಸರಿಯಾಗಿ ತಾಕಿರಲಿಲ್ಲವೇನೋ, ಆಮಿನಾಬಿಯೇ ಎಡವಿದಳೇನೋ. ಗಂಗಾಧರಪ್ಪ ಮುಟ್ಟದೆ ಬಗ್ಗಿ ನೋಡಿದ್ದಷ್ಟೇ, ಅದೂ ಅನುಮಾನದಲ್ಲಿರುವವನ ಮಾತು. ಲ್ಯಾಬಿನವರು ನೋಡುವುದು ಫ್ಯೂಸನ್ನು ಮಾತ್ರ. ಎರಡು ತುದಿಯಲ್ಲಿ ಉಗುರಿನಷ್ಟು ಜಾಗ ಕೆರೆದರೆ ಸಾಕು, ಈ ತಂತಿಗೆ ಜೀವ ಬರುತ್ತದೆ. ಮಿಷನ್ನು ಮತ್ತೆ ಕೊಲೆಗಾರನಾಗುತ್ತದೆ. ಮುಜಫರ್ ಮತ್ತೆ ಮರೆಗುಳಿಯಾಗಿ ಮನೆಗೆ ಬರುತ್ತಾನೆ.

ಮತ್ತು ಕಾಂತರಾಜನನ್ನು ಕೊಂದವರು ಯಾರೋ ಅವರು ಹಿನ್ನೀರಿನ ದಂಡೆಯಲ್ಲಿ ನೆಮ್ಮದಿಯಾಗಿ ತಿರುಗಾಡುತ್ತಾರೆ.

ಕಾಂತರಾಜನಿಗೂ ಒಬ್ಬ ಅಕ್ಕ ಇದ್ದಳು. ಕೆ.ಆರ್. ನಗರದಿಂದ ಬಂದು ಹೆಣದ ಮುಂದೆ ಎದೆ ಬಡಿದುಕೊಂಡಿದ್ದಳು. ಆ ದಿನ ಆಮಿನಾಬಿ ಅವಳ ಮುಖ ನೋಡಲಾಗದೆ ಬೇಲಿಯ ಆಚೆಯೇ ನಿಂತಿದ್ದಳು. ಈಗ ಆ ಮುಖ ಕಣ್ಣ ಮುಂದೆ ಬಂದು ಕೂತಿತು, ಹೋಗೆಂದರೂ ಹೋಗಲಿಲ್ಲ.

ಹೊರಗಿನ ಗಲಾಟೆ ತಣ್ಣಗಾಯಿತು. ಮುದುಕ ಸಿಕ್ಕಿರಬೇಕು. ಜಗಲಿಯ ಮೆಟ್ಟಿಲ ಮೇಲೆ ಬೂಟುಗಳು ಹತ್ತಿ ಬರುತ್ತಿದ್ದವು.

"ಆಮಿನಮ್ಮ," ಪುಷ್ಪಾಳ ದನಿ ಏದುಸಿರಿನ ನಡುವೆ ಬಂತು. "ಆ ಫ್ಯೂಸು ತಗೊಂಡು ಇಲ್ಲಿ ಬನ್ನಿ. ನೀವು ಹೇಳಿದ್ದನ್ನೆಲ್ಲ ಇನ್ನೊಂದ್ಸಲ ಹೇಳಿ. ಬರ್ಕೊಂಡು ನಿಮ್ಮ ಸಹಿ ತಗೋಬೇಕು."

"ಬಂದೆ ಮೇಡಂ," ಎಂದಳು ಆಮಿನಾಬಿ.

ತನ್ನ ಕೈ ಯಾವಾಗ ಸಾಮಾನಿನ ಚೀಲಕ್ಕೆ ಹೋಯಿತೋ, ಯಾವಾಗ ಹೊರಬಂತೋ ಅವಳಿಗೇ ತಿಳಿದಿರಲಿಲ್ಲ. ಕೆಳಗೆ ನೋಡಿಕೊಂಡಳು. ಫ್ಯೂಸಿನ ಒಂದು ತುದಿಯ ತಂತಿ ಆಗಲೇ ಹೊಸ ತಾಮ್ರದ ಬಣ್ಣಕ್ಕೆ ಹೊಳೆಯುತ್ತಿತ್ತು. ಇನ್ನೊಂದು ತುದಿಯ ಮೇಲೆ ಬ್ಲೇಡು ನಿಂತಿತ್ತು.